ಮ್ಯಾಂಚೆಸ್ಟರ್‌ನಲ್ಲಿ ಮನೆ ಹುಡುಕುವ ಮುಂಚೆ, ಮನೆಯಲ್ಲಿ ಇರುವವರನ್ನು ಕೇಳಿ

ಕಳೆದ ವಾರ ನಮ್ಮ ಸಾಗರದ ಕಡೆಯ ಹುಡುಗಿಯೊಬ್ಬಳು ಮೆಸೇಜ್ ಮಾಡಿದ್ದಳು. "ಅಕ್ಕಾ, ಇವರಿಗೆ ಮ್ಯಾಂಚೆಸ್ಟರ್‌ನಲ್ಲಿ ಕೆಲಸ ಆಗಿದೆ. ಪಾಪುಗೆ ಒಂದೂವರೆ ವರ್ಷ. ಯಾವ ಏರಿಯಾ ಒಳ್ಳೇದು? ಇವರ ಆಫೀಸಿನವರು ಆಲ್ಟ್ರಿಂಚಮ್ ಅಂತಾರೆ, ಅಲ್ಲಿರೋ ನಮ್ಮವರ ಗ್ರೂಪಲ್ಲಿ ಸೇಲ್ ಅನ್ನೋ ಏರಿಯಾ ಅಂತಾರೆ, ಸಿಟಿ ಒಳಗೇ ಫ್ಲ್ಯಾಟ್ ತಗೊಳ್ಳಿ ಅಂತಾನೂ ಹೇಳ್ತಾರೆ."

ಇಂಥ ಪ್ರಶ್ನೆ ತಿಂಗಳಿಗೊಂದಾದರೂ ಬರುತ್ತದೆ. ಅದಕ್ಕೇ ಇಲ್ಲೇ ಬರೆಯುತ್ತಿದ್ದೇನೆ. ಅವಳ ಮೆಸೇಜಿನಲ್ಲಿ ಗಂಡನ ಆಫೀಸಿತ್ತು, ಗ್ರೂಪಿತ್ತು. ಬೆಳಗ್ಗೆ ಎಂಟರಿಂದ ಸಂಜೆ ಆರರವರೆಗೆ ಮಗು ಕಟ್ಟಿಕೊಂಡು ಆ ಮನೆಯಲ್ಲಿ ಇರಬೇಕಾದ ಅವಳ ಮಾತೇ ಇರಲಿಲ್ಲ.

ನಾವು 2022ರ ಅಕ್ಟೋಬರ್‌ನಲ್ಲಿ ಬಂದಾಗಲೂ ಹೀಗೇ ಆಯಿತು. ನಮ್ಮನೆಯವರ ಆಫೀಸು ಸಾಲ್ಫರ್ಡ್ ಕ್ವೇಸ್‌ನಲ್ಲಿ. ಮೊದಲು ಹಡಗುಕಟ್ಟೆ ಇದ್ದ ಜಾಗ. 2011ರಲ್ಲಿ ಬಿಬಿಸಿಯ ವಿಭಾಗಗಳು ಅಲ್ಲಿಗೆ ಬಂದವು, ಸುತ್ತ ಗಾಜಿನ ಕಟ್ಟಡಗಳು ತುಂಬಿಕೊಂಡಿವೆ. ಬೆಂಗಳೂರಿನಲ್ಲಿ ಕೂತು ಫೋಟೋ ನೋಡಿ ಹನ್ನೊಂದನೇ ಮಹಡಿಯ ಫ್ಲ್ಯಾಟ್ ಗೊತ್ತು ಮಾಡಿದೆವು. ಈ ದೇಶದಲ್ಲಿ ಕ್ರೆಡಿಟ್ ಹಿಸ್ಟರಿ (ಸಾಲ, ಬಿಲ್ಲು ಸರಿಯಾಗಿ ಕಟ್ಟಿದ ದಾಖಲೆ) ಇಲ್ಲದವರೆಂದು ಏಜೆಂಟ್ ಆರು ತಿಂಗಳ ಬಾಡಿಗೆ ಮುಂಗಡ ಕೇಳಿದರು. ಅಡಿಕೆ ಮಾರಿದ ದುಡ್ಡಿನಲ್ಲಿ ಅಪ್ಪ ಕಳಿಸಿದ್ದರು. (ಈಗ ಬರುವವರಿಗೆ ಇದು ಗೊತ್ತಿರಲಿ: 2025ರ ಬಾಡಿಗೆದಾರರ ಹಕ್ಕುಗಳ ಕಾಯ್ದೆಯ ಪ್ರಕಾರ, 2026ರ ಮೇ 1ರಿಂದ ಶುರುವಾಗುವ ಬಾಡಿಗೆಗೆ ಒಂದು ತಿಂಗಳಿಗಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಡಿಮೆ ಇದ್ದರೆ ಡೆಪಾಸಿಟ್ ಐದು ವಾರದ ಬಾಡಿಗೆಯನ್ನು ಮೀರುವಂತಿಲ್ಲ.)

ಅವರಿಗೆ ಆಫೀಸು ಎಂಟು ನಿಮಿಷದ ನಡಿಗೆ. ನನಗೆ? ಮಗಳಿಗೆ ಆಗ ಎರಡು ವರ್ಷ. ಕಿಟಕಿ ಒಂದು ಗೇಣು ಮಾತ್ರ ತೆರೆಯುತ್ತಿತ್ತು. ಒಗೆದ ಬಟ್ಟೆ ಮಲಗುವ ಕೋಣೆಯಲ್ಲೇ ಒಣಗಬೇಕು. ಕೆಳಗಿಳಿದರೆ ನೀರಿನ ಮೇಲಿಂದ ಬೀಸುವ ಗಾಳಿಗೆ ಮಗುವಿನ ತಳ್ಳುಗಾಡಿಯೇ ಹಿಂದಕ್ಕೆ ಬರುತ್ತಿತ್ತು. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಯೊಳಗೆ ಸೂರ್ಯ ಮುಳುಗುತ್ತಾನೆ. ಕಾರಿಡಾರಿನ ಉದ್ದಕ್ಕೂ ಮುಚ್ಚಿದ ಬಾಗಿಲುಗಳು. ಐದು ತಿಂಗಳು ಪಕ್ಕದ ಫ್ಲ್ಯಾಟಿನಲ್ಲಿ ಯಾರಿದ್ದಾರೆಂದು ತಿಳಿಯಲಿಲ್ಲ. ಅಮ್ಮನಿಗೆ ವಿಡಿಯೋ ಕಾಲ್ ಮಾಡಿ, ಮಾತು ಮುಗಿದ ಮೇಲೂ ಫೋನ್ ಇಡದೆ, ಅವರು ಅಡುಗೆಮನೆಯಲ್ಲಿ ಕೆಲಸ ಮಾಡುವ ಸದ್ದು ಕೇಳುತ್ತಾ ಕೂತಿರುತ್ತಿದ್ದೆ. ಆ ಜಾಗ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಒಬ್ಬರೇ ಇದ್ದು ಕೆಲಸಕ್ಕೆ ಹೋಗುವವರಿಗೆ ಅದು ಚೆನ್ನಾಗಿದೆ, ಟ್ರಾಮ್ ಬಾಗಿಲಲ್ಲೇ ನಿಲ್ಲುತ್ತದೆ. ಆದರೆ ಆ ಮನೆಯನ್ನು ನಾವು ನಮ್ಮನೆಯವರ ಎಂಟು ನಿಮಿಷ ನೋಡಿ ಆರಿಸಿದ್ದೆವು, ನನ್ನ ಹತ್ತು ಗಂಟೆ ನೋಡಿ ಅಲ್ಲ.

ಮನೆ ಬದಲಿಸೋಣ ಅಂದಾಗ ಗ್ರೂಪಿನಲ್ಲಿ ಕೇಳಿದೆ. ಬಂದ ಹೆಸರುಗಳು ಅವೇ: ಸೇಲ್, ಆಲ್ಟ್ರಿಂಚಮ್, ಚೀಡಲ್, ಡಿಡ್ಸ್‌ಬರಿ. ಜೊತೆಗೆ "ಇಲ್ಲಿಗೆ ಮಾತ್ರ ಹೋಗಬೇಡಿ" ಅನ್ನುವ ಇನ್ನೊಂದು ಪಟ್ಟಿ. ಅದರಲ್ಲಿ ಲೆವೆನ್‌ಶೂಮ್ ಇತ್ತು. ಯಾಕೆ ಬೇಡ ಅಂದರೆ ಯಾರೂ ನೇರವಾಗಿ ಹೇಳಲಿಲ್ಲ. "ನಮ್ಮವರು ಅಲ್ಲಿಲ್ಲ", "ಜನ ಒಂಥರಾ" ಅಂದರು. ಆ "ಒಂಥರಾ" ಅಂದರೆ ಪಾಕಿಸ್ತಾನ ಮೂಲದವರು, ಕೂಲಿ ಕೆಲಸದವರು ಅಂತ ಅರ್ಥ. ಊರಲ್ಲಿ ಬಾಡಿಗೆ ಮನೆಗೆ ಹೋದಾಗ "ನೀವ್ಯಾವ ಜನ?" ಅಂತ ಕೇಳುತ್ತಾರಲ್ಲ, ಅದೇ ಪ್ರಶ್ನೆಯನ್ನು ಸೂಟ್‌ಕೇಸಿನಲ್ಲಿಟ್ಟುಕೊಂಡು ಇಲ್ಲಿಗೂ ತಂದಿದ್ದೇವೆ. ಇದು ನನಗೆ ತುಂಬಾ ನೋವು ಕೊಡುವ ವಿಷಯ, ಅದಕ್ಕೇ ಬಿಡಿಸಿ ಹೇಳುತ್ತಿದ್ದೇನೆ.

ಬಾಡಿಗೆ ಕಡಿಮೆ ಅಂತ ನಾವು ಆ ಲೆವೆನ್‌ಶೂಮ್‌ಗೇ ಬಂದೆವು. ಹೊಸಬರು ಟ್ರಾಮ್ ನಕ್ಷೆ ಇಟ್ಟುಕೊಂಡು ಮನೆ ಹುಡುಕುತ್ತಾರೆ. ಲೆವೆನ್‌ಶೂಮ್‌ಗೆ ಟ್ರಾಮ್ ಇಲ್ಲ, ಹಾಗಾಗಿ ಅವರ ಕಣ್ಣಿಗೇ ಬೀಳುವುದಿಲ್ಲ. ಆದರೆ ರೈಲಿನಲ್ಲಿ ನಗರದ ಮುಖ್ಯ ನಿಲ್ದಾಣವಾದ ಪಿಕಡಿಲಿ ಸ್ಟೇಷನ್ ಹತ್ತು ನಿಮಿಷದೊಳಗೆ ಸಿಗುತ್ತದೆ. ಸ್ಟಾಕ್‌ಪೋರ್ಟ್ ರಸ್ತೆಯಲ್ಲಿ 192 ನಂಬರ್ ಬಸ್ಸು ಹಗಲಿಡೀ ಒಂದರ ಹಿಂದೊಂದು. ಗ್ರೇಟರ್ ಮ್ಯಾಂಚೆಸ್ಟರ್‌ನ, ಅಂದರೆ ನಗರ ಮತ್ತು ಸುತ್ತಲಿನ ಊರುಗಳ, ಬಸ್ಸುಗಳು 2023ರ ಸೆಪ್ಟೆಂಬರ್‌ನಿಂದ ಹಂತಹಂತವಾಗಿ ಸ್ಥಳೀಯ ಆಡಳಿತದ ಹಿಡಿತಕ್ಕೆ ಬಂದವು, 2025ರ ಜನವರಿಗೆ ಹತ್ತೂ ಬರೋಗಳಲ್ಲಿ (ಆಡಳಿತ ವಿಭಾಗಗಳಲ್ಲಿ) ಆ ಕೆಲಸ ಮುಗಿಯಿತು. ಈಗ ಎಲ್ಲೆಡೆ ಹಳದಿ ಬಸ್ಸು.

ನೀವು ಕೇಳಬಹುದು, ಕಾರಿದ್ದರೆ ಇದೆಲ್ಲ ಯಾಕೆ ಅಂತ. ನಮ್ಮ ಭಾರತದ ಲೈಸೆನ್ಸು ಇಲ್ಲಿ ನೆಲೆಸಿದ ಮೇಲೆ 12 ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಇಲ್ಲಿಯ ಪರೀಕ್ಷೆ ಪಾಸಾಗಲೇಬೇಕು. ಮನೆಗೊಂದೇ ಕಾರು, ಅದನ್ನು ಕೆಲಸಕ್ಕೆ ಹೋಗುವವರು ಒಯ್ದರೆ, ಬಸ್ಸು ಗಂಟೆಗೊಂದು ಬರುವ ಚಂದದ ಬಡಾವಣೆಯಲ್ಲಿ ಉಳಿದವರು ಮನೆಯಲ್ಲೇ ಬಂದಿ.

ಇಲ್ಲಿ ನಮ್ಮದು ಸಾಲುಮನೆ. ಬಾಗಿಲು ತೆರೆದರೆ ರಸ್ತೆ. ಬಂದ ಮೂರನೇ ದಿನ ಪಕ್ಕದ ಮನೆಯ ಅಜ್ಜಿ, ಪಾಕಿಸ್ತಾನದ ಹಿಡಿತದಲ್ಲಿರುವ ಕಾಶ್ಮೀರದ ಮೀರ್‌ಪುರ ಕಡೆಯವರು, ಮಗಳ ಕೈಗೆ ಬಿಸಿ ರೊಟ್ಟಿ ಕೊಟ್ಟರು. ನನ್ನ ಹರಕು ಹಿಂದಿ, ಅವರ ಭಾಷೆ, ಹೇಗೋ ಮಾತು ನಡೆಯಿತು. ಮೆಂತ್ಯ ಸೊಪ್ಪು, ತೆಂಗಿನಕಾಯಿ ನಡೆದು ಹೋಗಿ ತರುವಷ್ಟು ಹತ್ತಿರ. 2016ರಲ್ಲಿ ತೆರೆದ ಆರ್ಕೇಡಿಯಾ ಕಟ್ಟಡದಲ್ಲಿ ಗ್ರಂಥಾಲಯವೂ ಈಜುಕೊಳವೂ ಒಟ್ಟಿಗೆ ಇವೆ. ಮಗಳಿಗೆ ಮೊದಲ ಗೆಳತಿ ಸಿಕ್ಕಿದ್ದು ಆ ಗ್ರಂಥಾಲಯದ ಚಾಪೆಯ ಮೇಲೆ. ಹಳೇ ರೈಲು ಮಾರ್ಗವನ್ನು ನಡೆಯುವವರಿಗೆ, ಸೈಕಲ್ಲಿನವರಿಗೆ ಬಿಟ್ಟುಕೊಟ್ಟ ಫ್ಯಾಲೋಫೀಲ್ಡ್ ಲೂಪ್ ಕೂಡ ಇಲ್ಲೇ ಹಾದುಹೋಗುತ್ತದೆ. ನಮ್ಮನೆಯವರಿಗೆ ಈಗ ಆಫೀಸಿಗೆ ಐವತ್ತು ನಿಮಿಷ ಬೇಕು. ಅವರು ಒಮ್ಮೆಯೂ ಅದನ್ನು ಎತ್ತಿ ಆಡಿಲ್ಲ.

ಲೆವೆನ್‌ಶೂಮ್‌ನಲ್ಲೂ ಬೀದಿಯಿಂದ ಬೀದಿಗೆ ವ್ಯತ್ಯಾಸವಿದೆ. ಎಸೆದ ಹಾಸಿಗೆ, ಹರಿದ ಸೋಫಾ ಬಿದ್ದಿರುವ ಓಣಿಗಳಿವೆ. ಮುಖ್ಯರಸ್ತೆಯ ಹೊಗೆ ಇದೆ.

ಮಳೆಯ ವಿಷಯ ಸ್ವಲ್ಪ ನಿಧಾನವಾಗಿ ಓದಿ. ಮ್ಯಾಂಚೆಸ್ಟರ್‌ನ ಮಳೆ ವರ್ಷಕ್ಕೆ 800 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು, ಬೆಂಗಳೂರಿಗಿಂತ ಕಡಿಮೆ. ಮಲೆನಾಡಿನವರಿಗೆ ಅದು ಮಳೆಯೇ ಅಲ್ಲ. ಆದರೆ ಅಷ್ಟನ್ನೇ ವರ್ಷವಿಡೀ ಸೋನೆಯಾಗಿ ಸುರಿಸುತ್ತದೆ. ಗೋಡೆಗೆ ಒಣಗಲು ಬಿಡುವೇ ಇಲ್ಲ. ಹಳೇ ಇಟ್ಟಿಗೆ ಮನೆ, ಮುಚ್ಚಿದ ಕಿಟಕಿ, ಕುಕ್ಕರಿನ ಹಬೆ, ಒಳಗೇ ಒಣಗುವ ಬಟ್ಟೆ ಸೇರಿದರೆ ಮೂಲೆಯಲ್ಲಿ ಕಪ್ಪು ಬೂಸಲು ಹಿಡಿಯುತ್ತದೆ. ಇದು ಬರೀ ಗಲೀಜಿನ ಮಾತಲ್ಲ. ಇದೇ ಗ್ರೇಟರ್ ಮ್ಯಾಂಚೆಸ್ಟರ್‌ನ ರೋಚ್‌ಡೇಲ್‌ನಲ್ಲಿ 2020ರ ಡಿಸೆಂಬರ್‌ನಲ್ಲಿ ಎರಡು ವರ್ಷದ ಅವಾಬ್ ಇಶಾಕ್ ಎಂಬ ಮಗು ಮನೆಯ ಬೂಸಲಿನಿಂದ ಉಸಿರಾಟದ ತೊಂದರೆಯಾಗಿ ತೀರಿಕೊಂಡಿತು. ಬೂಸಲನ್ನು ಮನೆ ಕೊಟ್ಟವರು ನಿಗದಿತ ಸಮಯದೊಳಗೆ ಸರಿಪಡಿಸಲೇಬೇಕು ಅನ್ನುವ, ಅವನ ಹೆಸರಿನ ಕಾನೂನು 2025ರ ಅಕ್ಟೋಬರ್‌ನಲ್ಲಿ ಮೊದಲು ಸಾಮಾಜಿಕ ವಸತಿಗೆ (ನಗರಸಭೆ, ವಸತಿ ಸಂಸ್ಥೆಗಳು ಕಡಿಮೆ ಬಾಡಿಗೆಗೆ ಕೊಡುವ ಮನೆಗಳಿಗೆ) ಜಾರಿಯಾಯಿತು. ಮನೆ ನೋಡಲು ಹೋದಾಗ ಹೊರಗೋಡೆಗೆ ತಾಗಿಸಿದ ಕಪಾಟಿನ ಹಿಂದೆ ಕೈ ಹಾಕಿ ನೋಡಿ. ಒಂದು ಮೂಲೆಗೆ ಮಾತ್ರ ಹೊಸ ಬಿಳಿ ಬಣ್ಣ ಬಳಿದಿದ್ದರೆ ಯಾಕೆಂದು ಕೇಳಿ. ಬಿಸಿಲಿನ ಭಾನುವಾರ ಎಲ್ಲ ಮನೆಯೂ ಚೆನ್ನಾಗಿಯೇ ಕಾಣುತ್ತದೆ. ಮಳೆ ಹನಿಯುವ ಸಂಜೆ ನಾಲ್ಕೂವರೆಗೆ ಹೋಗಿ. ಡಿಡ್ಸ್‌ಬರಿಯಲ್ಲಿ ಮರ್ಸಿ ನದಿಯ ಬದಿ ಮನೆ ನೋಡುವವರು ಸರ್ಕಾರದ ವೆಬ್‌ಸೈಟಿನಲ್ಲಿ ಪೋಸ್ಟ್‌ಕೋಡ್ ಹಾಕಿ ಪ್ರವಾಹದ ಅಪಾಯ ನೋಡಿಕೊಳ್ಳಿ. 2021ರ ಜನವರಿಯಲ್ಲಿ ಅಲ್ಲಿನ ಜನರನ್ನು ರಾತ್ರೋರಾತ್ರಿ ಮನೆ ಖಾಲಿ ಮಾಡಿಸಿದ್ದರು.

ಆಲ್ಟ್ರಿಂಚಮ್ ಬಗ್ಗೆ ಎಲ್ಲರೂ ಹೇಳುವುದು ಶಾಲೆಗಾಗಿ. ಅದಿರುವ ಟ್ರಾಫರ್ಡ್ ಬರೋದಲ್ಲಿ ಪ್ರವೇಶ ಪರೀಕ್ಷೆ ಬರೆದು ಸೇರುವ ಸರ್ಕಾರಿ ಗ್ರಾಮರ್ ಶಾಲೆಗಳು ಉಳಿದಿವೆ, ಮ್ಯಾಂಚೆಸ್ಟರ್ ನಗರಸಭೆಯ ವ್ಯಾಪ್ತಿಯಲ್ಲಿ ಇಲ್ಲ. ಮ್ಯಾಂಚೆಸ್ಟರ್ ಗ್ರಾಮರ್ ಸ್ಕೂಲ್ ಅನ್ನುವುದು ಫೀಸು ಕಟ್ಟುವ ಖಾಸಗಿ ಶಾಲೆ, ಹೆಸರು ನೋಡಿ ಮೋಸ ಹೋಗಬೇಡಿ. ಆದರೆ ಆ ಶಾಲೆಗಳಿಗೆ ಮಕ್ಕಳು ಸೇರುವುದು ಹನ್ನೊಂದನೇ ವಯಸ್ಸಿಗೆ. ಒಂದೂವರೆ ವರ್ಷದ ಪಾಪುವಿಗೋಸ್ಕರ ಇವತ್ತಿನಿಂದಲೇ ಆ ಬಾಡಿಗೆ ಕಟ್ಟುವುದು ಬೇಡ, ತಂಗಿ.

ಗಂಡಸರಿಗೆ ಒಂದು ಮಾತು. ಮನೆ ಗೊತ್ತು ಮಾಡುವ ಮುಂಚೆ ನಕ್ಷೆಯಲ್ಲಿ ಆಫೀಸನ್ನು ಗುರುತು ಮಾಡಬೇಡಿ. ಆ ಮನೆಯಿಂದ ತಳ್ಳುಗಾಡಿ ತಳ್ಳಿಕೊಂಡು ಹತ್ತು ನಿಮಿಷದಲ್ಲಿ ಹೆಂಡತಿ ಎಲ್ಲೆಲ್ಲಿಗೆ ಹೋಗಬಹುದು ಅಂತ ನೋಡಿ: ಪಾರ್ಕು, ಗ್ರಂಥಾಲಯ, ಡಾಕ್ಟರು, ತರಕಾರಿ, ಕೂತು ಮಾತಾಡಲು ಒಬ್ಬರಾದರೂ ಮನುಷ್ಯರು. ಅದಾದ ಮೇಲೆ ನಿಮ್ಮ ಆಫೀಸು.

ಸಾಗರದ ಹುಡುಗಿಗೆ ನಾನು ಬರೆದದ್ದು ಇಷ್ಟೇ: "ಬೆಂಗಳೂರಲ್ಲಿ ಕೂತು ದುಡ್ಡು ಕಟ್ಟಬೇಡ. ಬಂದು ಎರಡು ವಾರ ನಮ್ಮನೇಲೇ ಇರಿ, ಮಹಡಿ ಮೇಲಿನ ಕೋಣೆ ಖಾಲಿ ಇದೆ. ಅವರು ಆಫೀಸಿಗೆ ಹೋಗಲಿ, ನಾವಿಬ್ಬರೂ ಪಾಪು ಕರ್ಕೊಂಡು 192 ಹತ್ತಿ ಮನೆ ನೋಡೋಣ. ನಿನಗೆ ಎಲ್ಲಿ ಸರಿ ಅನ್ಸುತ್ತೋ ಅಲ್ಲಿಗೆ ಅವರನ್ನ ಶನಿವಾರ ಕರ್ಕೊಂಡು ಹೋಗಿ ತೋರಿಸು."