ಲೈನಲ್ಲಿರಿ, ಕೇಳಿ ಹೇಳ್ತೀನಿ

ಬ್ರಿಟಿಷರು ಬಿಟ್ಟುಹೋದ ಪದಗಳಲ್ಲಿ ನಮ್ಮ ಚಿಕ್ಕಮಗಳೂರು, ಹಾಸನದ ಕಡೆ ಅತಿ ಜಾಸ್ತಿ ದುಡಿಯೋದು ಯಾವುದು ಅಂತ ಕೇಳಿದರೆ ನಾನು ಹಿಂದೆಮುಂದೆ ನೋಡದೆ 'ಲೈನ್' ಅನ್ನುತ್ತೇನೆ. ಲೈನ್ ಅಂದರೆ ಗೆರೆ, ನೆಟ್ಟಗಿರುತ್ತೆ ಅಂತ ಶಾಲೆಯಲ್ಲಿ ಮೇಷ್ಟ್ರು ಹೇಳಿಕೊಟ್ಟಿದ್ದರು. ಅವರು ಬಯಲುಸೀಮೆಯವರು, ಪಾಪ.

ಮೊದಲು ಕರೆಂಟಿನ ಲೈನ್. ಮಳೆಗಾಲದಲ್ಲಿ 'ಕರೆಂಟ್ ಹೋಯ್ತು' ಅಂದರೆ ಇಲ್ಲಿ ಯಾರೂ ತಲೆ ಎತ್ತಿ ಕೂಡ ನೋಡುವುದಿಲ್ಲ, ಹೋಗೋದೇ ಅದರ ಕಸುಬು. 'ಲೈನ್ ಹೋಯ್ತು' ಅಂದರೆ ಮಾತ್ರ ಕಥೆ ಬೇರೆ. ಎಲ್ಲೋ ಸಿಲ್ವರ್ ಓಕ್ ಮರ ತಂತಿ ಮೇಲೆ ಮಲಗಿದೆ, ಇನ್ನು ಮೂರ್ನಾಲ್ಕು ದಿನ ಮೊಬೈಲ್ ಚಾರ್ಜ್ ಮಾಡೋಕೆ ಜೀಪಿನ ಬ್ಯಾಟರಿಯೇ ಗತಿ. ಕಂಬ ಹತ್ತೋರಿಗೆ ಈಗ ಸರ್ಕಾರಿ ಲೆಕ್ಕದಲ್ಲಿ ಪವರ್‌ಮ್ಯಾನ್ ಅಂತ ಹೆಸರು. ಊರಿನವರು ಇನ್ನೂ ಲೈನ್‌ಮ್ಯಾನ್ ಅಂತಲೇ ಕರೆಯುತ್ತಾರೆ. ಪವರ್ ಇರುತ್ತೋ ಬಿಡುತ್ತೋ, ಲೈನ್ ಅಂತೂ ಇರುತ್ತಲ್ಲ. ಜಡಿಮಳೆಯಲ್ಲಿ ಕಂಬ ಹತ್ತೋ ಅವರನ್ನು ನಾನು ಆಡಿಕೊಳ್ಳುವುದಿಲ್ಲ. ತಮಾಷೆ ಇರೋದು ಫೋನಿನ ಹತ್ತಿರ.

ಹೋದ ಆಷಾಢದಲ್ಲಿ ಪಕ್ಕದ ಕಾಫಿ ತೋಟದ ರೈಟ್ರು, ಅಂದರೆ ಲೆಕ್ಕ ಬರೆಯೋರು, ಕರೆಂಟ್ ಆಫೀಸಿಗೆ ಫೋನ್ ಮಾಡಿದಾಗ ನಾನು ಅಲ್ಲೇ ನಿಂತಿದ್ದೆ.

"ಸಾರ್, ನಮ್ಮ ಲೈನಲ್ಲಿ ಲೈನಿಲ್ಲ."

"ಯಾವ ಲೈನ್ರೀ? ಆಲ್ದೂರು ಲೈನಾ?"

"ಅಲ್ಲ ಸಾರ್, ಲೈನ್ ಮನೆ. ಆಳುಗಳ ಲೈನು."

"ಹೋಗಿರೋದು ಮನೆ ಲೈನಾ, ಮೇನ್ ಲೈನಾ?"

"ಮೇನ್ ಲೈನೇ ಸಾರ್. ಲೈನ್‌ಮ್ಯಾನ್ ಕಳಿಸಿ."

"ಅವರು ಬೇರೆ ಲೈನಲ್ಲಿದ್ದಾರೆ. ಲೈನಲ್ಲಿರಿ, ಕೇಳಿ ಹೇಳ್ತೀನಿ."

ರೈಟ್ರು ಲೈನಲ್ಲಿದ್ದರು. ಸ್ವಲ್ಪ ಹೊತ್ತಿಗೆ ಆ ಲೈನೂ ಕಟ್ ಆಯ್ತು. ಮಾರನೇ ದಿನ ಆಫೀಸಿಗೇ ಹೋಗಿ ಕೇಳಿದರೆ ದೂರನ್ನು ಆನ್‌ಲೈನಲ್ಲಿ ಕೊಡಬೇಕಿತ್ತಂತೆ. ಲೈನ್ ಇಲ್ಲ ಅಂತ ಹೇಳೋಕೆ ಆನ್‌ಲೈನ್ ಹೋಗಬೇಕು, ಆನ್‌ಲೈನ್ ಹೋಗೋಕೆ ಲೈನ್ ಇರಬೇಕು. ಇದನ್ನು ಯೋಚನೆ ಮಾಡಿದ ಪುಣ್ಯಾತ್ಮ ಯಾರೇ ಇರಲಿ, ಅವನ ಮನೆಯಲ್ಲಿ ಜನರೇಟರ್ ಇದೆ.

'ಲೈನ್ ಕ್ಲಿಯರ್' ಇನ್ನೊಂದು. ಕಂಬ ಹತ್ತುವ ಮುಂಚೆ ಸ್ಟೇಷನ್ನಿಂದ ಎಲ್‌ಸಿ ತಗೊಳ್ಳಬೇಕು, ಅಂದರೆ ಆ ತಂತಿಗೆ ಕರೆಂಟ್ ನಿಲ್ಲಿಸಿದ್ದಾರೆ ಅನ್ನೋ ಖಾತ್ರಿ. ಅದೇ ಮಾತು ರಾಜಕೀಯಕ್ಕೆ ಹೋದರೆ ಟಿಕೆಟ್ಟಿಗೆ ಅಡ್ಡ ಇದ್ದವನನ್ನು ಕೂರಿಸಿದ್ದಾರೆ ಅಂತ. ಕಾಲೇಜು ಹುಡುಗರ ಬಾಯಲ್ಲಿ, ಹುಡುಗಿಯ ಅಣ್ಣ ಊರಲ್ಲಿಲ್ಲ ಅಂತ. ಲೈನ್ ಬಸ್ಸು, ಅಂಗಡಿಗೆ ಬಿಸ್ಕೆಟ್ ಹಾಕೋನ ಲೈನು, ಲೈನ್ ಹೊಡೆಯೋದು, ಇವನ್ನೆಲ್ಲ ಬಿಟ್ಟುಬಿಡೋಣ. ಇವುಗಳಿಂದ ಯಾರಿಗೂ ತೊಂದರೆ ಇಲ್ಲ, ಕೊನೆಯದನ್ನು ಬಿಟ್ಟರೆ.

ನನ್ನ ಹೊಟ್ಟೆ ಉರಿಸೋದು ತೋಟದ ಲೈನು. ಉದ್ದಕ್ಕೆ ಸಾಲಾಗಿ ಕಟ್ಟಿದ ಒಂದೊಂದು ಕೋಣೆ, ಹಿಂದೆ ಒಲೆ, ಮುಂದೆ ಒಂದು ಜಗಲಿ. ತೋಟದ ಕೆಲಸದವರಿಗೆ ಮಾಲೀಕರೇ ಮನೆ ಒದಗಿಸಬೇಕು ಅಂತ 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ಹೇಳಿತು. ಮನೆ ಅಂತ ಬರೆದಿದ್ದನ್ನು ನಮ್ಮವರು ಲೈನ್ ಅಂತ ಓದಿಕೊಂಡರು. ಈಗ ಅಂಥದ್ದೇ ಒಂದು ಲೈನಿಗೆ ಬಣ್ಣ ಹೊಡೆದು, ಬಾಗಿಲಿಗೆ ಲಾಟೀನು ನೇತುಹಾಕಿ, ಹೆರಿಟೇಜ್ ಕಾಟೇಜ್ ಅಂತ ಬೋರ್ಡ್ ಬರೆಸಿದ್ದಾರೆ. ಬೆಂಗಳೂರಿನವರು ಒಂದು ರಾತ್ರಿಗೆ ಸಾವಿರಗಟ್ಟಲೆ ಕೊಟ್ಟು, ಕರೆಂಟಿಲ್ಲದ ಕೋಣೆಯಲ್ಲಿ ಮಲಗಿ, ಆಹಾ ಎಷ್ಟು ನೆಮ್ಮದಿ ಅನ್ನುತ್ತಾರೆ. ಅದೇ ಕೋಣೆಯಲ್ಲಿ ಮಕ್ಕಳನ್ನು ಹೆತ್ತು ಸಾಕಿದ ಅಜ್ಜಿ ಈಗ ಅಲ್ಲಿಗೆ ಕಸ ಗುಡಿಸೋಕೆ ಬರುತ್ತಾರೆ. ಕೇಳಿದೆ. "ನಾವಿದ್ದಾಗ ಹೆಂಚು ಸೋರಿದ್ರೆ ಪಾತ್ರೆ ಇಡ್ತಿದ್ವಿ ಕಣಪ್ಪ, ಇವ್ರು ಫೋಟೋ ತೆಗೀತಾರೆ" ಅಂದರು.

ಇನ್ನು ದೊಡ್ಡ ದೊಡ್ಡ ಲೈನುಗಳು. ಕಡೂರು, ಚಿಕ್ಕಮಗಳೂರು, ಸಕಲೇಶಪುರ ರೈಲ್ವೆ ಲೈನಿಗೆ ಒಪ್ಪಿಗೆ ಸಿಕ್ಕಿದ್ದು 1996-97ರಲ್ಲಿ. ಅದರಲ್ಲಿ ಕಡೂರಿಂದ ಚಿಕ್ಕಮಗಳೂರಿನ 46 ಕಿಲೋಮೀಟರ್ ಮುಗಿದು ರೈಲು ಓಡಿದ್ದು 2013ರಲ್ಲಿ. ವರ್ಷಕ್ಕೆ ಮೂರು ಕಿಲೋಮೀಟರೂ ಬೀಳುವುದಿಲ್ಲ, ಬಸವನಹುಳು ಕೂಡ ನಾಚಿಕೊಳ್ಳುತ್ತೆ. ಚಿಕ್ಕಮಗಳೂರಿಂದ ಸಕಲೇಶಪುರಕ್ಕೆ ಇವತ್ತಿಗೂ ಬಸ್ಸೇ. ಅಲ್ಲಿಗೆ ಹೋದರೆ ನೋಡೋಕೆ ಇನ್ನೊಂದು ಲೈನ್ ಇದೆ, ಘಟ್ಟದ ನೀರನ್ನು ಬಯಲುಸೀಮೆಗೆ ಒಯ್ಯೋ ಎತ್ತಿನಹೊಳೆ ಪೈಪ್‌ಲೈನ್. ಶುರುವಿನಲ್ಲಿ ಅಂದಾಜು 8,323 ಕೋಟಿ ರೂಪಾಯಿ ಇತ್ತು, ಬರಬರುತ್ತಾ 23,251 ಕೋಟಿ ಆಯ್ತು. 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತದ ಉದ್ಘಾಟನೆಯೂ ಆಯ್ತು. ಘಟ್ಟದ ನೀರನ್ನು ಮೇಲಕ್ಕೆತ್ತೋಕೆ ಭಾರೀ ಪಂಪುಗಳೇ ಬೇಕಾದವು, ಅಂದಾಜು ಮಾತ್ರ ಯಾವ ಪಂಪೂ ಇಲ್ಲದೆ ತಾನಾಗಿಯೇ ಮೇಲೇರಿತು.

ನಿಜ ಹೇಳಬೇಕೆಂದರೆ ಲೈನ್ ಅಂದರೇನು ಅಂತ ಈ ಜಿಲ್ಲೆಗಳಲ್ಲಿ ಸರಿಯಾಗಿ ತಿಳಿದಿರೋದು ಆನೆಗಳಿಗೆ. ಆಲೂರು, ಬೇಲೂರಿನ ಕಡೆ ರಸ್ತೆ ದಾಟುವಾಗ ನೋಡಿ, ಒಂದರ ಹಿಂದೆ ಒಂದು, ಮರಿ ಮಧ್ಯೆ. ಯಾವ ಆನೆಯೂ ಹಿಂದಿನಿಂದ ಬಂದು 'ನಾನು ಯಾರು ಗೊತ್ತಾ' ಅನ್ನುವುದಿಲ್ಲ.

ಆ ಮಾತು ಕೇಳಬೇಕೆಂದರೆ ಹಾಸನಾಂಬೆಯ ಬಾಗಿಲು ತೆಗೆದಾಗ ಹೋಗಬೇಕು. ತಾಯಿ ವರ್ಷಕ್ಕೊಮ್ಮೆ, ದೀಪಾವಳಿ ಆಸುಪಾಸಿನಲ್ಲಿ ಮಾತ್ರ ದರ್ಶನ ಕೊಡೋದು, ಜನ ಬರೋದು ಲಕ್ಷಗಟ್ಟಲೆ. ಧರ್ಮದರ್ಶನದ ಲೈನು ಉದ್ದ ಅಂತ 300 ರೂಪಾಯಿ ಟಿಕೆಟ್ಟಿನ ಲೈನ್ ಮಾಡಿದರು. ಅದೂ ಉದ್ದವಾಯ್ತು ಅಂತ 1000 ರೂಪಾಯಿಯದ್ದು. ಸಾವಿರ ಕೊಟ್ಟವರು ಬಿಸಿಲಲ್ಲಿ ನಿಂತು ಧರ್ಮದರ್ಶನದ ಲೈನ್ ಕಡೆ ಆಸೆಯಿಂದ ನೋಡುತ್ತಿರುತ್ತಾರೆ, ಅದು ಒಂದೊಂದು ಸಲ ಬೇಗ ಸರಿಯುತ್ತೆ. ಪಾಸ್ ಇದ್ದವರು ಯಾವ ಲೈನೂ ಇಲ್ಲದೆ ಬರುತ್ತಾರೆ ಅಂದುಕೊಂಡಿದ್ದೆ. ಇಲ್ಲ, ಪಾಸಿನವರು ಜಾಸ್ತಿಯಾಗಿ ಅವರದ್ದೂ ಒಂದು ಲೈನ್ ಆಗಿತ್ತು, ಅದರಲ್ಲಿ ನಿಂತವರೆಲ್ಲ ಫೋನ್ ಕಿವಿಗಿಟ್ಟುಕೊಂಡು ಯಾರನ್ನೋ ಲೈನಲ್ಲಿರಿ ಅನ್ನುತ್ತಿದ್ದರು. ಮುಂದಿನ ವರ್ಷ ಪಾಸಿನ ಲೈನ್ ತಪ್ಪಿಸೋಕೆ ಹೊಸ ಟಿಕೆಟ್ ಬಂದರೂ ಬರಬಹುದು. ಬಂದರೆ ನನಗೂ ಒಂದು ತೆಗೆದಿಡಿ, ದುಡ್ಡು ಆನ್‌ಲೈನಲ್ಲಿ ಹಾಕುತ್ತೇನೆ, ಲೈನ್ ಇದ್ದರೆ.