ಬಕೆಟ್ ಒದ್ದವರು, ಬಕೆಟ್ ಹಿಡಿದವರು

ಮತ್ತೊಂದು ನೇಮಕಾತಿ ಅಧಿಸೂಚನೆ ಹೊರಬಿತ್ತು ಎಂಬ ಸುದ್ದಿ ಬಂದದ್ದೇ ತಡ, ದಾವಣಗೆರೆಯ ಜೆರಾಕ್ಸ್ ಅಂಗಡಿಗಳಲ್ಲಿ ಇಂಗ್ಲಿಷ್ ನುಡಿಗಟ್ಟುಗಳ ಪುಸ್ತಿಕೆಗೆ ಸುಗ್ಗಿ. ಸ್ಪೈರಲ್ ಬೈಂಡಿಂಗ್, ಹಳದಿ ರಟ್ಟು, ಎಡಕ್ಕೆ ನುಡಿಗಟ್ಟು, ಬಲಕ್ಕೆ ಅರ್ಥ. ಪ್ರತಿಯ ಪ್ರತಿಗೂ ಪ್ರತಿ ತೆಗೆದಿರುವುದರಿಂದ ಬಲ ಅಂಚಿನಲ್ಲಿ ಅರ್ಥ ಅರ್ಧಕ್ಕೇ ತುಂಡಾಗಿದೆ. ಜಗಳೂರಿನಿಂದ ಮೊದಲ ಬಸ್ಸಿಗೆ ಬಂದ ಹುಡುಗರು ಮಂಡಕ್ಕಿ ಮೆಲ್ಲುತ್ತಾ ಅದನ್ನೇ ಬಾಯಿಪಾಠ ಮಾಡುತ್ತಾರೆ. ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗದ (ಎಸ್‌ಎಸ್‌ಸಿ) ಪರೀಕ್ಷೆ ಬರೆದು ನಾಳೆ ಯಾವುದೋ ಕಚೇರಿಯಲ್ಲಿ ಕಡತ ಹಿಡಿಯಬೇಕಾದವನಿಗೆ, ‘ಕಿಕ್ ದ ಬಕೆಟ್’ ಅಂದರೆ ಬಕೆಟ್ ಒದ್ದವನು ಸತ್ತನೆಂಬುದು ಇವತ್ತೇ ಗೊತ್ತಿರಬೇಕು. ಆಡಳಿತವೆಂದರೆ ಅಷ್ಟು ಸೂಕ್ಷ್ಮ.

ಬಕೆಟ್ಟಿನ ವಿಷಯದಲ್ಲಿ ನಮಗೂ ಇಂಗ್ಲಿಷರಿಗೂ ಮೊದಲಿನಿಂದ ಹೊಂದಿಕೆ ಇಲ್ಲ. ಅವರಲ್ಲಿ ಒದ್ದವನು ಸಾಯುತ್ತಾನೆ, ನಮ್ಮಲ್ಲಿ ಹಿಡಿದವನು ನಿಗಮದ ಅಧ್ಯಕ್ಷನಾಗುತ್ತಾನೆ. ಬೆಣ್ಣೆಯ ವಿಷಯದಲ್ಲಿ ಮಾತ್ರ ತಕರಾರಿಲ್ಲ. ‘ಬಟರ್ ಅಪ್’ ಎಂದರೆ ಬೆಣ್ಣೆ ಹಚ್ಚುವುದು. ಇದನ್ನು ದಾವಣಗೆರೆಯವರಿಗೆ ಶುಲ್ಕ ಪಡೆದು ಕಲಿಸುವವರ ಧೈರ್ಯ ದೊಡ್ಡದು.

ಪಕ್ಕದ ಚಿತ್ರದುರ್ಗದವರ ಪಾಡು ಇನ್ನೂ ಸ್ವಾರಸ್ಯದ್ದು. ಪುಸ್ತಿಕೆಯಲ್ಲಿ ಜೋರು ಮಳೆಯೆಂದರೆ ಬೆಕ್ಕು ನಾಯಿಗಳ ಮಳೆ ಸುರಿಯುತ್ತದೆ. ಚಳ್ಳಕೆರೆಯಲ್ಲಿ ಶೇಂಗಾ ಬಿತ್ತಿ ಆಕಾಶ ನೋಡುವವರಿಗೆ ಬೆಕ್ಕು ನಾಯಿ ಎಲ್ಲ ಬೇಡ, ಇಲಿಯಷ್ಟು ಬಿದ್ದರೂ ಸಾಕು. ಅಪರೂಪಕ್ಕೆ ಆಗುವುದಕ್ಕೆ ‘ವನ್ಸ್ ಇನ್ ಎ ಬ್ಲೂ ಮೂನ್’ ಎನ್ನಬೇಕಂತೆ. ಆ ನೀಲಿ ಚಂದ್ರ ಎರಡು ಮೂರು ವರ್ಷಕ್ಕೊಮ್ಮೆ ತಪ್ಪದೆ ಬರುತ್ತಾನೆ, ಅದೊಂದು ಅಪರೂಪವೇ? ಹಿರಿಯೂರಿನ ವಾಣಿವಿಲಾಸ ಸಾಗರ, ಅಂದರೆ ಮಾರಿಕಣಿವೆ ಜಲಾಶಯ, 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ಇಂಗ್ಲಿಷರು ಚಂದ್ರನನ್ನು ಬಿಟ್ಟು ಮಾರಿಕಣಿವೆಯನ್ನು ನೋಡಿದ್ದರೆ ಅಪರೂಪ ಏನೆಂದು ತಿಳಿಯುತ್ತಿತ್ತು. 2025ರ ಜನವರಿಯಲ್ಲಿ ಅದು ಮತ್ತೆ ತುಂಬಿ ನನ್ನ ವಾದವನ್ನು ಸ್ವಲ್ಪ ಕೆಡಿಸಿತು, ಇರಲಿ. ಜಿಲ್ಲೆಗೆ ಒಳ್ಳೆಯದಾಗುವುದಾದರೆ ನನ್ನ ವಾದ ಕೆಟ್ಟರೂ ಸಂತೋಷವೇ.

‘ಪುಟ್ ಆಫ್’ ಎಂದರೆ ಮುಂದೂಡುವುದು, ‘ಕಾಲ್ ಆಫ್’ ಎಂದರೆ ರದ್ದು ಮಾಡುವುದು. ಇವೆರಡರ ನಡುವಿನ ವ್ಯತ್ಯಾಸವನ್ನು ನಮ್ಮ ಅಭ್ಯರ್ಥಿಗಳಿಗೆ ಯಾವ ಮೇಷ್ಟರೂ ಕಲಿಸಬೇಕಿಲ್ಲ, ಸರ್ಕಾರವೇ ಉದಾಹರಣೆ ಸಮೇತ ಕಲಿಸಿದೆ. 545 ಪೊಲೀಸ್ ಸಬ್ ಇನ್‌ಸ್ಪೆಕ್ಟರ್ (ಪಿಎಸ್‌ಐ) ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆಯುವ ಹೊತ್ತಿಗೆ 2024ರ ಜನವರಿ. ಪ್ರಾಮಾಣಿಕವಾಗಿ ಬರೆದವರು ಅಷ್ಟೂ ದಿನ ‘ಪುಟ್ ಅಪ್ ವಿತ್’ ಅಭ್ಯಾಸ ಮಾಡಿದರು. ಅದರ ಅರ್ಥ, ಸಹಿಸಿಕೊಳ್ಳುವುದು.

ಕರ್ನಾಟಕ ಲೋಕಸೇವಾ ಆಯೋಗದ (ಕೆಪಿಎಸ್‌ಸಿ) ಪುರಾಣ ನಿಮಗೆ ಗೊತ್ತೇ ಇದೆ. 2024ರ ಆಗಸ್ಟ್ 27ರ ಗೆಜೆಟೆಡ್ ಪ್ರೊಬೇಷನರಿ ಪೂರ್ವಭಾವಿ ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಕನ್ನಡ ಅನುವಾದ ಎಡವಟ್ಟಾಗಿ, ಮುಖ್ಯಮಂತ್ರಿಗಳೇ ಮರುಪರೀಕ್ಷೆಗೆ ಸೂಚಿಸಬೇಕಾಯಿತು. ಡಿಸೆಂಬರ್ 29ರಂದು ಮತ್ತೆ ನಡೆಯಿತು, ಮತ್ತೆ ಅನುವಾದದ ತಪ್ಪುಗಳು. ಹಳ್ಳಿಯ ಹುಡುಗನಿಗೆ ಇಂಗ್ಲಿಷಿನ ಬಕೆಟ್ಟು, ಬೆಣ್ಣೆ, ಚಂದ್ರ ಎಲ್ಲವೂ ಗೊತ್ತಿರಬೇಕು. ಕನ್ನಡ ನಾಡಿನ ಅಧಿಕಾರಿಗಳನ್ನು ಆರಿಸುವ ಆಯೋಗಕ್ಕೆ ಮಾತ್ರ ನಾಲ್ಕು ಸಾಲು ಕನ್ನಡವನ್ನು ನೆಟ್ಟಗೆ ಬರೆಸಲು ಎರಡು ಅವಕಾಶ ಸಾಲಲಿಲ್ಲ. ಇದರಲ್ಲಿ ನಗುವುದಕ್ಕೆ ಏನೂ ಇಲ್ಲ. ಅಭ್ಯರ್ಥಿಯ ಒಂದು ಉತ್ತರ ತಪ್ಪಿದರೆ ಆ ಪ್ರಶ್ನೆಯ ಅಂಕದ ಕಾಲು ಭಾಗ ಕಳೆಯುತ್ತೀರಿ. ಪ್ರಶ್ನೆಯನ್ನೇ ತಪ್ಪಾಗಿ ಕೇಳಿದವರಿಂದ ಏನು ಕಳೆದಿರಿ? ಎರಡೆರಡು ಸಲದ ಬಸ್ ಚಾರ್ಜು, ಕೊಠಡಿ ಬಾಡಿಗೆ, ತರಬೇತಿ ಶುಲ್ಕ ಇವೆಲ್ಲ ಯಾರದೋ ಅಪ್ಪ ಮೆಕ್ಕೆಜೋಳ ಮಾರಿ ಕೊಟ್ಟ ದುಡ್ಡು. ಅದನ್ನು ವಾಪಸು ಕೇಳಲು ಯಾವ ನಮೂನೆಯಲ್ಲಿ ಅರ್ಜಿ ಹಾಕಬೇಕು ಎಂದಾದರೂ ತಿಳಿಸಿ, ಇಂಗ್ಲಿಷಿನಲ್ಲೇ ತಿಳಿಸಿದರೂ ಅಡ್ಡಿಯಿಲ್ಲ.