ಪಿಗ್ಮಿ ಕಲೆಕ್ಟರ್‌ನ ಚಪ್ಪಲಿ ಖರ್ಚು

ಬೆಂಗಳೂರಿನಲ್ಲಿ ಈಗ ಯಾವ ಹೋಟೆಲ್ ಹಾಲ್ ನೋಡಿದರೂ ಒಂದು ಇನ್ನೋವೇಶನ್ ಸಮಿಟ್. ವೇದಿಕೆ ಮೇಲೆ ಕೂತವರೆಲ್ಲ ಹೇಳೋದು ಒಂದೇ ಮಾತು: ಹಳೆಯದನ್ನು ಒಡೆಯಿರಿ, ಇಲ್ಲಾಂದ್ರೆ ಬೇರೆ ಯಾರೋ ನಿಮ್ಮನ್ನು ಒಡೀತಾರೆ. 2025ರ ಅಕ್ಟೋಬರ್‌ನಲ್ಲಿ ಅರ್ಥಶಾಸ್ತ್ರದ ನೊಬೆಲ್, ಹೊಸತನದಿಂದ ಆರ್ಥಿಕತೆ ಹೇಗೆ ಬೆಳೆಯುತ್ತದೆ ಅಂತ ವಿವರಿಸಿದ ಜೋಯಲ್ ಮೋಕಿರ್, ಫಿಲಿಪ್ ಅಗಿಯೋನ್, ಪೀಟರ್ ಹೊವಿಟ್ ಅವರಿಗೆ ಬಂದ ಮೇಲಂತೂ ಕೇಳೋದೇ ಬೇಡ. "ನೋಡಿ, ನೊಬೆಲ್ ಕಮಿಟಿಯೇ ಒಪ್ಪಿದೆ" ಅಂತ ಇನ್ನಷ್ಟು ಹುರುಪು ಬಂದಿದೆ.

ಕಮಿಟಿ ಒಪ್ಪಿದ್ದು ಹೌದು. ಆದರೆ ಪೂರ್ತಿ ಓದಿ ಅಂತೀನಿ. ಅಗಿಯೋನ್ ಮತ್ತು ಹೊವಿಟ್ 1992ರಲ್ಲಿ ಬರೆದ ಲೇಖನದಲ್ಲಿ ಎರಡು ಕಡೆಯ ಲೆಕ್ಕವೂ ಇದೆ. ಹೊಸ ಕಂಪನಿ ಒಂದು ಒಳ್ಳೆ ವಸ್ತು ತಂದರೆ ಅದರ ಲಾಭ ಆ ಕಂಪನಿಗೆ ಸ್ವಲ್ಪ ಕಾಲ ಮಾತ್ರ ಸಿಗುತ್ತದೆ, ಜನರಿಗೆ ಮಾತ್ರ ಆಮೇಲೂ ಉಳಿಯುತ್ತದೆ. ಹಾಗಾಗಿ ಹೊಸತನಕ್ಕೆ ಹಾಕುವ ದುಡ್ಡು ಬೇಕಾದ್ದಕ್ಕಿಂತ ಕಡಿಮೆ ಆಗಬಹುದು. ಇನ್ನೊಂದು ಕಡೆ, ಹೊಸಬನ ಲಾಭದಲ್ಲಿ ಒಂದು ಪಾಲು ಹಳಬನ ಗಿರಾಕಿಯನ್ನು ಎಳೆದುಕೊಂಡದ್ದೇ ಆಗಿರುತ್ತದೆ. ಅಲ್ಲಿ ಸಮಾಜಕ್ಕೆ ಹೊಸದಾಗಿ ಹುಟ್ಟಿದ್ದು ಏನೂ ಇಲ್ಲ. ಹಾಗಾಗಿ ಅಗತ್ಯಕ್ಕಿಂತ ಜಾಸ್ತಿಯೂ ಆಗಬಹುದು. ನಮ್ಮ ವೇದಿಕೆಗಳಲ್ಲಿ ಮೊದಲ ಅರ್ಧ ಮಾತ್ರ ಕೇಳಿಸುತ್ತದೆ, ಎರಡನೇ ಅರ್ಧದ ಹೊತ್ತಿಗೆ ಎಲ್ಲರೂ ಊಟಕ್ಕೆ ಎದ್ದಿರುತ್ತಾರೆ.

ನನ್ನ ತಕರಾರು ಇಷ್ಟೇ. ಹಣಕಾಸಿನಲ್ಲಿ ಏನು ಹೊಸದು ಬಂದರೂ "ಖರ್ಚು ಇಳಿಯಿತು" ಅಂತಾರೆ. ಬಹಳ ಸಲ ಖರ್ಚು ಇಳಿದಿರೋದಿಲ್ಲ, ಒಬ್ಬರ ಪುಸ್ತಕದಿಂದ ಇನ್ನೊಬ್ಬರ ತಲೆ ಮೇಲೆ ಹೋಗಿರುತ್ತದೆ. ತಜ್ಞರು ಅಲ್ಲಿಂದ ಮಾತು ಶುರು ಮಾಡಲಿ.

ಸಿಲಿಕಾನ್ ವ್ಯಾಲಿಯ ಉದಾಹರಣೆ ಬೇಡ, ಉಡುಪಿಯದ್ದೇ ತಗೊಳ್ಳೋಣ. 1925ರಲ್ಲಿ ಅಲ್ಲಿ ಮೂವರು ಸೇರಿ ಒಂದು ಬ್ಯಾಂಕ್ ಕಟ್ಟಿದರು. ಉಪೇಂದ್ರ ಅನಂತ ಪೈ ವ್ಯಾಪಾರಿ, ವಾಮನ ಕುಡ್ವ ಎಂಜಿನಿಯರ್, ಟಿ.ಎಂ.ಎ. ಪೈ ಡಾಕ್ಟರ್. ಬಂಡವಾಳ ₹8,000. ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗೋದು ಒಂದು ಉದ್ದೇಶ. ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಅಂತ ಹೆಸರು. ಆಮೇಲೆ ಅದೇ ಸಿಂಡಿಕೇಟ್ ಬ್ಯಾಂಕ್ ಆಯಿತು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕ್ ಜೊತೆ ವಿಲೀನವಾಗಿ ಹೆಸರೂ ಹೋಯಿತು. ಕರಾವಳಿಯವರಿಗೆ ಆ ಬೇಸರ ಇನ್ನೂ ಪೂರ್ತಿ ಹೋಗಿಲ್ಲ, ಇರಲಿ.

ಈ ಬ್ಯಾಂಕ್ 1928ರಲ್ಲಿ ಪಿಗ್ಮಿ ಶುರು ಮಾಡಿತು. ದಿನಕ್ಕೆ 2 ಆಣೆ ಕಟ್ಟಿದರೂ ಸಾಕು. ನೀವು ಬ್ಯಾಂಕಿಗೆ ಹೋಗಬೇಕಿಲ್ಲ, ಏಜೆಂಟ್ ನಿಮ್ಮ ಬಾಗಿಲಿಗೇ ಬಂದು ಕಟ್ಟಿಸಿಕೊಂಡು ಹೋಗುತ್ತಾನೆ.

ಇದರಲ್ಲಿ ಏನು ದೊಡ್ಡ ವಿಷಯ ಅನ್ನಿಸಬಹುದು. ಆ ಕಾಲದ ಬ್ಯಾಂಕಿನವರ ಜಾಗದಲ್ಲಿ ಕೂತು ಲೆಕ್ಕ ಹಾಕಿ. 2 ಆಣೆ ಅಂದರೆ ರೂಪಾಯಿಯ ಎಂಟನೇ ಒಂದು ಭಾಗ. ಅದನ್ನು ಎಣಿಸಿ, ರಸೀತಿ ಬರೆದು, ಲೆಡ್ಜರ್‌ಗೆ ಏರಿಸುವ ಗುಮಾಸ್ತನ ಸಂಬಳವೇ ಗಿಟ್ಟುವುದಿಲ್ಲ. ದಿನಗೂಲಿಯವರು, ಸಣ್ಣ ಅಂಗಡಿಯವರು ಬ್ಯಾಂಕಿಗೆ ಬೇಡವಾಗಿದ್ದದ್ದು ಅದಕ್ಕೇ. ಪಿಗ್ಮಿಯಲ್ಲಿ ಏಜೆಂಟನಿಗೆ ಸಂಬಳ ಇಲ್ಲ, ಕಮಿಷನ್. ವಸೂಲಿ ಆದರೆ ದುಡ್ಡು, ಆಗದಿದ್ದರೆ ಇಲ್ಲ. ಜೋರು ಮಳೆಗೆ ಅಂಗಡಿ ಬೀದಿಯೇ ಬಾಗಿಲು ಹಾಕಿದರೆ ಬ್ಯಾಂಕಿಗೆ ನಯಾಪೈಸೆ ನಷ್ಟ ಇಲ್ಲ. ನಷ್ಟ ಏಜೆಂಟನದು. ಇಡೀ ಯೋಜನೆಯ ಜಾಣತನ ಇರೋದು ಇಲ್ಲೇ, ತೊಂದರೆ ಇರೋದೂ ಇಲ್ಲೇ.

ಮಲೆನಾಡಿನಲ್ಲಿ ನಮ್ಮ ದೊಡ್ಡಪ್ಪನ ಮಗನಿಗೆ ಒಂದು ದಿನಸಿ ಅಂಗಡಿ ಇದೆ. ಅಲ್ಲಿಗೆ ಈಗಲೂ ಸಹಕಾರ ಸಂಘದ ಪಿಗ್ಮಿಯವರು ಸಂಜೆ ಬರುತ್ತಾರೆ. ಕೈಯಲ್ಲಿ ರಸೀತಿ ಬರುವ ಸಣ್ಣ ಮಿಷನ್, ಹೆಗಲಿಗೆ ಬ್ಯಾಗ್. ನಮ್ಮಣ್ಣ ಗಲ್ಲಾ ಮುಚ್ಚಿಕೊಂಡು, "ಇವತ್ತು ಬ್ಯಾಡ ಮಾರಾಯ್ರೆ, ಈ ಮಳೆಗೆ ಗಿರಾಕಿನೇ ಇಲ್ಲ" ಅಂದ. ಅವರು ಛತ್ರಿ ಮಡಚಿ ಒಳಗೆ ಬಂದು, "ನೂರಾದ್ರೂ ಹಾಕಿ. ಜೂನ್‌ಗೆ ಮಗಳ ಕಾಲೇಜು ಫೀಸ್ ಅಂತ ನೀವೇ ಹೇಳಿದ್ರಲ್ಲ" ಅಂದರು. ಅಣ್ಣ ಗೊಣಗಿಕೊಂಡೇ ಗಲ್ಲಾ ತೆಗೆದ.

ಆ ಒಂದು ಮಾತನ್ನು ಯಾವ ಆ್ಯಪ್ ಹೇಳುತ್ತದೆ ಹೇಳಿ? ನೋಟಿಫಿಕೇಶನ್ ಬಂದರೆ ಒರೆಸಿ ಬಿಸಾಕ್ತೀವಿ. ಎದುರಿಗೆ ನಿಂತ ಮನುಷ್ಯನನ್ನು ಹಾಗೆ ಮಾಡೋಕೆ ಆಗಲ್ಲ. ಅರ್ಥಶಾಸ್ತ್ರಜ್ಞರು ಇದನ್ನು ಕಂಡುಕೊಂಡದ್ದು ತಡವಾಗಿ. 2000ದ ದಶಕದಲ್ಲಿ ಫಿಲಿಪೀನ್ಸ್‌ನಲ್ಲಿ ಮನೆ ಬಾಗಿಲಿಗೆ ಹೋಗಿ ಉಳಿತಾಯ ವಸೂಲಿ ಮಾಡುವ ಪ್ರಯೋಗ ಮಾಡಿ, ಜನರ ಉಳಿತಾಯ ಹೆಚ್ಚಿತು ಅಂತ ಬರೆದರು. ಘಾನಾದಲ್ಲಿ ಸುಸು ಅಂತ ಇದೇ ಥರದ ಪದ್ಧತಿ ಹಳೆಯದು. ಅಲ್ಲಿ ತಿಂಗಳಿಡೀ ಕಟ್ಟಿದರೆ ಒಂದು ದಿನದ ದುಡ್ಡನ್ನು ಕಲೆಕ್ಟರ್ ತನ್ನ ಕೂಲಿ ಅಂತ ಇಟ್ಟುಕೊಳ್ಳುತ್ತಾನೆ. ಉಡುಪಿಯವರು ಕಟ್ಟಿದವರಿಗೇ ಬಡ್ಡಿ ಕೊಟ್ಟರು!

ಹಾಗಾದರೆ ತಿರುಗಾಟದ ಖರ್ಚು ಯಾರದು? ಚಪ್ಪಲಿ ಸವೆಸಿದವನದು. ಬ್ಯಾಂಕುಗಳು ದಶಕಗಟ್ಟಲೆ ಹೇಳಿದ್ದು, ಇವರು ನಮ್ಮ ನೌಕರರಲ್ಲ, ಬರೀ ಏಜೆಂಟರು ಅಂತ. ವಿವಾದ ಹೈದರಾಬಾದಿನ ಕೈಗಾರಿಕಾ ನ್ಯಾಯಮಂಡಳಿಗೆ ಹೋಗಿ, ಕೊನೆಗೆ ಸುಪ್ರೀಂ ಕೋರ್ಟ್ ತಲುಪಿತು. ಇವರೂ ಕಾನೂನಿನ ಪ್ರಕಾರ ಕೆಲಸಗಾರರೇ ಅಂತ ಕೋರ್ಟ್ ಹೇಳಿದ್ದು 2001ರಲ್ಲಿ. ಯೋಜನೆ ಶುರುವಾಗಿ 73 ವರ್ಷ ಆಗಿತ್ತು.

ಈಗ ಯುಪಿಐಗೆ ಬರೋಣ. 2016ರ ಏಪ್ರಿಲ್‌ನಲ್ಲಿ ಆಗಿನ ರಿಸರ್ವ್ ಬ್ಯಾಂಕ್ ಗವರ್ನರ್ ರಘುರಾಮ್ ರಾಜನ್ ಅದನ್ನು ಶುರು ಮಾಡಿದಾಗ ಇದ್ದದ್ದು 21 ಬ್ಯಾಂಕು. 2025ರ ಆಗಸ್ಟ್ ಒಂದೇ ತಿಂಗಳಲ್ಲಿ 2,000 ಕೋಟಿ ವಹಿವಾಟು, ಮೊತ್ತ ಸುಮಾರು ₹24.85 ಲಕ್ಷ ಕೋಟಿ. ಸರಾಸರಿ ಒಂದಕ್ಕೆ ₹1,240ರ ಆಸುಪಾಸು. 2008ರ ಕುಸಿತ ಆದ ಮೇಲೆ ಅಮೆರಿಕದ ಕೇಂದ್ರ ಬ್ಯಾಂಕಿನ ಮಾಜಿ ಮುಖ್ಯಸ್ಥ ಪಾಲ್ ವೋಲ್ಕರ್, 20 ವರ್ಷದಲ್ಲಿ ತಾನು ಕಂಡ ದೊಡ್ಡ ಹಣಕಾಸು ಆವಿಷ್ಕಾರ ಅಂದರೆ ಎಟಿಎಂ ಅಂತ ಬ್ಯಾಂಕರ್‌ಗಳನ್ನೇ ಕುಟುಕಿದ್ದರು. ಯುಪಿಐ ನೋಡಿದ್ದರೆ ಅವರೂ ಪಟ್ಟಿಗೆ ಇನ್ನೊಂದು ಸೇರಿಸುತ್ತಿದ್ದರೇನೋ. ನಾನಂತೂ ಸೇರಿಸ್ತೀನಿ. ಹತ್ತು ರೂಪಾಯಿ ಕೊತ್ತಂಬರಿ ಕಟ್ಟಿಗೂ ಸ್ಕ್ಯಾನ್ ಮಾಡ್ತೀವಿ, ಸುಮ್ನೆ ಮಾತಲ್ಲ ಅದು.

ಆದರೆ ಈ "ಉಚಿತ" ಯಾರ ಲೆಕ್ಕದಲ್ಲಿ? 2020ರ ಜನವರಿಯಿಂದ ಯುಪಿಐಗೆ ವ್ಯಾಪಾರಿಯಿಂದ ಶುಲ್ಕ ವಸೂಲಿ ಮಾಡುವಂತಿಲ್ಲ. ಸರ್ವರ್ ಓಡಿಸುವ ಖರ್ಚು ಬ್ಯಾಂಕುಗಳ ಮೇಲೆ ಬಿತ್ತು. ಅದಕ್ಕೆ ಸರ್ಕಾರ ಪ್ರೋತ್ಸಾಹಧನ ಕೊಡುತ್ತದೆ, 2024-25ಕ್ಕೆ ಸುಮಾರು ₹1,500 ಕೋಟಿ. ಅಂದರೆ ನಿಮ್ಮ, ನನ್ನ ತೆರಿಗೆ ದುಡ್ಡು. ಇಷ್ಟಕ್ಕೆ ನನ್ನ ಆಕ್ಷೇಪ ಇಲ್ಲ, ರಸ್ತೆಗೂ ಹಾಗೇ ಕೊಡ್ತೀವಲ್ವಾ.

ಬೇರೆ ಒಂದು ಬಿಲ್ ಇತ್ತು, ಅದು 2025ರ ಜುಲೈನಲ್ಲಿ ಬಂತು. ಯುಪಿಐ ಮಾಹಿತಿ ಇಟ್ಟುಕೊಂಡು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಬೇಕರಿ, ಕಾಂಡಿಮೆಂಟ್ಸ್, ಬೀಡಾ ಅಂಗಡಿ, ಜಿಎಸ್‌ಟಿಯೇ ಇಲ್ಲದ ಹಾಲು, ತರಕಾರಿ ಮಾರುವವರಿಗೂ. ಸರಕು ಮಾರುವವರಿಗೆ ವರ್ಷಕ್ಕೆ ₹40 ಲಕ್ಷ, ಸೇವೆಗೆ ₹20 ಲಕ್ಷ ವಹಿವಾಟು ದಾಟಿದರೆ ನೋಂದಣಿ ಕಡ್ಡಾಯ. ಕಾನೂನು ಸರಿಯೇ. ಆದರೆ ಖಾತೆಗೆ ಬಂದದ್ದೆಲ್ಲ ವ್ಯಾಪಾರದ ದುಡ್ಡೇ ಅಂತ ಹೇಗೆ ಹೇಳೋದು? ಅದರಲ್ಲಿ ಭಾವಮೈದುನ ತೀರಿಸಿದ ಕೈಸಾಲವೂ ಇರುತ್ತದೆ, ಚೀಟಿ ದುಡ್ಡೂ ಇರುತ್ತದೆ. ಒಂದೇ ವಾರದಲ್ಲಿ ಬೆಂಗಳೂರಿನ ಅಂಗಡಿಗಳಲ್ಲಿ "ನೋ ಯುಪಿಐ, ಓನ್ಲಿ ಕ್ಯಾಶ್" ಬೋರ್ಡು. ಮುಖ್ಯಮಂತ್ರಿ ಸಭೆ ಕರೆದು, ನೋಂದಣಿ ಮಾಡಿಸಿಕೊಂಡರೆ ಹಳೇ ಬಾಕಿ ಕೇಳಲ್ಲ ಅಂದ ಮೇಲೆ ಗಲಾಟೆ ತಣ್ಣಗಾಯಿತು.

"ತೆರಿಗೆ ಕಳ್ಳತನ ಹೊರಗೆ ಬಂತು ನೋಡಿ" ಅಂತ ಆಗ ಟಿವಿಯಲ್ಲಿ ಕೂತು ಮಾತಾಡಿದವರೂ ಇದ್ದರು. ಕ್ಯೂಆರ್ ಅಂಟಿಸುವಾಗ ಬಂದ ಹುಡುಗ, ಈ ಲೆಕ್ಕ ಮುಂದೆ ಇಲಾಖೆಗೂ ಹೋಗಬಹುದು, ಒಂದು ಪುಸ್ತಕ ಇಟ್ಟುಕೊಳ್ಳಿ ಅಂತ ಹೇಳಿದ್ದನಾ? ಅವನಿಗಿದ್ದದ್ದು ಎಷ್ಟು ಅಂಗಡಿಗೆ ಅಂಟಿಸಿದ ಅನ್ನುವ ಟಾರ್ಗೆಟ್. ಅಕೌಂಟೆಂಟ್‌ಗೆ ಫೀಸ್ ಕೊಡುವ ಖರ್ಚು, ನಿದ್ದೆಗೆಡುವ ಖರ್ಚು ಅಂಗಡಿಯವನದ್ದಾಯಿತು. ಯುಪಿಐಯ ಯಾವ ಪ್ರೆಸೆಂಟೇಶನ್‌ನಲ್ಲೂ ಇದನ್ನು ನಾನು ನೋಡಿಲ್ಲ.

ಪಿಗ್ಮಿ ಏಜೆಂಟನ ಕಥೆ ಈಗ ಊಟ ತರುವ ರೈಡರ್‌ನದ್ದು. ಅದೇ ಕಮಿಷನ್, ಅದೇ "ನಮ್ಮ ನೌಕರರಲ್ಲ, ಪಾರ್ಟ್‌ನರ್" ಅನ್ನುವ ಮಾತು. ಮಳೆ ಬಂದರೆ ನಷ್ಟ ಅದೇ ಬೈಕಿನವನಿಗೆ. ಈ ಸಲ 73 ವರ್ಷ ಕಾಯಬೇಕಾಗಲಿಲ್ಲ. ಇಂಥ ಆ್ಯಪ್ ಕೆಲಸಗಾರರಿಗೆ ಅಂತ ಕರ್ನಾಟಕ 2025ರಲ್ಲೇ ಗಿಗ್ ಕಾರ್ಮಿಕರ ಕಾಯ್ದೆ ತಂದಿದೆ, ಪ್ಲಾಟ್‌ಫಾರ್ಮ್‌ಗಳು ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು. ಹೊಸತನದ ಪ್ರಶಸ್ತಿ ಹಂಚುವವರು ಈ ಕಾಯ್ದೆಗೂ ಒಂದು ಕೊಡಬಹುದು. ಕಾಗದದ ಮೇಲೆ ಶುಲ್ಕ ಕಂಪನಿಯದು. ನಾಳೆ ಅದು ನಮ್ಮ ಬಿಲ್‌ಗೆ ಸೇರುತ್ತಾ, ಇಲ್ಲಾ ರೈಡರ್‌ನ ರೇಟೇ ಎರಡೆರಡು ರೂಪಾಯಿ ಸವೆಯುತ್ತಾ ಅನ್ನೋದು ನೋಡಬೇಕು. ಬಾಗಿಲಿಗೆ ಬಂದವರನ್ನು ಹೋದ ವರ್ಷಕ್ಕೂ ಈ ವರ್ಷಕ್ಕೂ ಕಿಲೋಮೀಟರ್‌ಗೆ ಎಷ್ಟು ಬರ್ತಿದೆ ಅಂತ ಒಂದು ಮಾತು ಕೇಳಿ. ನಾನು ಕೇಳೋಕೆ ಶುರು ಮಾಡಿದ್ದೀನಿ.